ಹಿಮ್ಮಡಿಯ ಹನಿ ರಕ್ತ ಮತ್ತು ಹೆತ್ತವರ ತಿಳಿವಳಿಕೆ

ಮಗು ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದರ ಹಿಮ್ಮಡಿಗೆ ಸಣ್ಣ ಸೂಜಿ ಚುಚ್ಚಿ, ದಪ್ಪ ಕಾಗದವೊಂದರ ಮೇಲೆ ನಾಲ್ಕೈದು ಹನಿ ರಕ್ತ ಇಳಿಸಿ, ಒಣಗಿಸಿ, ಪ್ರಯೋಗಾಲಯಕ್ಕೆ ಕಳುಹಿಸುವ ಪರೀಕ್ಷೆಯೊಂದಿದೆ. ಅಮೆರಿಕದ ರಾಬರ್ಟ್ ಗಥ್ರಿ 1960ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅವರ ಮಗನಿಗೇ ಬೌದ್ಧಿಕ ನ್ಯೂನತೆ ಇತ್ತು. ಹತ್ತಿರದ ಬಂಧುವಿನ ಮಗಳೊಬ್ಬಳು ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟುಕಾಯಿಲೆಯಿಂದ ಬುದ್ಧಿಯ ಬೆಳವಣಿಗೆ ಕಳೆದುಕೊಂಡಿದ್ದಳು. ಮೊದಲೇ ಗೊತ್ತಾಗಿದ್ದರೆ ಬರಿಯ ಆಹಾರ ನಿಯಮದಿಂದ ಅವಳನ್ನು ಉಳಿಸಿಕೊಳ್ಳಬಹುದಿತ್ತು ಎಂಬ ನೋವೇ ಆ ಪರೀಕ್ಷೆಯ ಹಿಂದಿನ ಒತ್ತಾಸೆ. ಮುಂದುವರಿದ ದೇಶಗಳಲ್ಲಿ ಇಂದು ಹುಟ್ಟುವ ಬಹುತೇಕ ಎಲ್ಲ ಶಿಶುಗಳಿಗೂ ಈ ತಪಾಸಣೆ ಆಗುತ್ತದೆ. ನಮ್ಮಲ್ಲಿ ಆಗುವುದೂ ಬಿಡುವುದೂ ಹೆರಿಗೆ ಯಾವ ರಾಜ್ಯದಲ್ಲಿ, ಯಾವ ಆಸ್ಪತ್ರೆಯಲ್ಲಿ, ಎಷ್ಟು ದುಡ್ಡಿರುವ ಮನೆಯಲ್ಲಿ ಆಯಿತು ಎಂಬುದನ್ನು ಅವಲಂಬಿಸಿದೆ. ದೇಶಕ್ಕೆಲ್ಲ ಅನ್ವಯವಾಗುವ ಕಡ್ಡಾಯ ಕಾರ್ಯಕ್ರಮ ಇನ್ನೂ ಇಲ್ಲ.

ಬೆಂಗಳೂರಿನವರಿಗೆ ಇದರಲ್ಲಿ ಒಂದು ಹೆಮ್ಮೆಯ ಸಂಗತಿಯೂ ಒಂದು ಬೇಸರದ ಸಂಗತಿಯೂ ಇವೆ. ನವಜಾತ ಶಿಶುಗಳ ಇಂಥ ಸಾಮೂಹಿಕ ತಪಾಸಣೆಯ ಮೊದಲ ಪ್ರಯೋಗ ಭಾರತದಲ್ಲಿ ನಡೆದದ್ದು 1980ರಲ್ಲಿ, ಇದೇ ಊರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಅಮೈನೋ ಆಮ್ಲಗಳ ಚಯಾಪಚಯ ದೋಷಗಳಿಗಾಗಿ ಸುಮಾರು ಒಂದೂಕಾಲು ಲಕ್ಷ ಶಿಶುಗಳನ್ನು ಪರೀಕ್ಷಿಸಿದರು. ಅದಾಗಿ ನಾಲ್ಕು ದಶಕಗಳ ಮೇಲಾಯಿತು. ಆಮೇಲೆ ಗೋವಾ 2008ರಲ್ಲಿ ತನ್ನ ಶಿಶುಗಳಿಗೆ ತಪಾಸಣೆ ಆರಂಭಿಸಿತು. ಕೇರಳ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ಕಾಯಿಲೆಗಳನ್ನು ಆಯ್ದುಕೊಂಡು ಹುಟ್ಟಿದ ಮಕ್ಕಳನ್ನೆಲ್ಲ ನೋಡುವ ವ್ಯವಸ್ಥೆ ಮಾಡಿಕೊಂಡಿತು. ದಾರಿ ತೋರಿದ ಊರಿನವರು ನಾವು ಇನ್ನೂ ದಾರಿಯ ಬಗ್ಗೆ ಮಾತನಾಡುತ್ತಿದ್ದೇವೆ.

ಇಲ್ಲಿ ಹೇಳಬೇಕಾದ ಕಾಯಿಲೆಗಳು ಹಲವಿದ್ದರೂ ನಾನು ಮುಖ್ಯವಾಗಿ ಒಂದನ್ನೇ ಹಿಡಿಯುತ್ತೇನೆ: ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಮತ್ತು ಹೈದರಾಬಾದುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 1,130ಕ್ಕೆ ಒಂದು ಮಗುವಿನಲ್ಲಿ ಈ ಕೊರತೆ ಕಂಡುಬಂತು. ಬೇರೆ ದೇಶಗಳ ಅಂಕಿಗಳೊಂದಿಗೆ ಹೋಲಿಸಿದರೆ ಇದು ಹೆಚ್ಚು. ದೇಶದಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಮಕ್ಕಳು ಹುಟ್ಟುತ್ತಾರೆ. ಇದೇ ಪ್ರಮಾಣ ಎಲ್ಲೆಡೆ ಇದೆಯೆಂದು ಹಿಡಿದರೆ ವರ್ಷಕ್ಕೆ 20 ಸಾವಿರ ಮಕ್ಕಳು. ಕರ್ನಾಟಕದ ಜನನ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನದು. ಆ ಲೆಕ್ಕಕ್ಕೆ ಎಂಟುನೂರರಿಂದ ಒಂಬೈನೂರು ಮಕ್ಕಳು.

ಈ ಕಾಯಿಲೆಯ ಕ್ರೂರ ಗುಣವೆಂದರೆ ಅದು ಕಾಣುವುದಿಲ್ಲ. ಗರ್ಭದಲ್ಲಿರುವಷ್ಟು ದಿನ ತಾಯಿಯ ಹಾರ್ಮೋನು ಮಗುವನ್ನು ಒಂದಿಷ್ಟು ಕಾಯುತ್ತದೆ. ಹುಟ್ಟಿದಾಗ ತೂಕ ಸರಿ, ಬಣ್ಣ ಸರಿ. ಮೊದಲ ವಾರಗಳಲ್ಲಿ ಮಗು ಹೆಚ್ಚು ನಿದ್ದೆ ಮಾಡುತ್ತದೆ, ಕಡಿಮೆ ಅಳುತ್ತದೆ, ಹಾಲಿಗೆ ಹಟ ಮಾಡುವುದಿಲ್ಲ. ನೋಡಲು ಬಂದ ನೆಂಟರು 'ಎಷ್ಟು ಸಾಧು ಕೂಸು, ತಾಯಿಗೆ ಒಂದು ದಿನ ತೊಂದರೆ ಕೊಡಲಿಲ್ಲ' ಎಂದು ಹೊಗಳಿ ಹೋಗುತ್ತಾರೆ. ಕಾಮಾಲೆ ಎರಡು ವಾರ ಕಳೆದರೂ ಇಳಿಯದಿದ್ದರೆ ಬಿಸಿಲಿಗೆ ಹಿಡಿಯಿರಿ ಎನ್ನುತ್ತಾರೆ. ಮಲಬದ್ಧತೆಗೆ ಬಜೆ ತೇಯ್ದು ನೆಕ್ಕಿಸಿ ಎನ್ನುತ್ತಾರೆ. ಗೊಗ್ಗರು ಅಳು, ಹೊರಚಾಚಿದ ನಾಲಿಗೆ, ಉಬ್ಬಿದ ಹೊಕ್ಕುಳು, ಇವೆಲ್ಲ ಸ್ಪಷ್ಟವಾಗಿ ಕಾಣುವ ವೇಳೆಗೆ ಮಿದುಳಿನ ಬೆಳವಣಿಗೆಗೆ ಅತಿ ಮುಖ್ಯವಾದ ಕಾಲ ಕಳೆದುಹೋಗಿರುತ್ತದೆ. ಮದ್ದಾದರೋ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಲೆವೊಥೈರಾಕ್ಸಿನ್ ಎಂಬ ಅದೇ ಹಳೆಯ ಮಾತ್ರೆ; ನಮ್ಮ ನಡುವಯಸ್ಸಿನ ಹೆಂಗಸರಲ್ಲಿ ಎಷ್ಟೋ ಮಂದಿ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ನುಂಗುವಂಥದ್ದು. ದಿನಕ್ಕೆ ಕೆಲವೇ ರೂಪಾಯಿ. ಹುಟ್ಟಿದ ಎರಡು ವಾರಗಳೊಳಗೆ ಸರಿಯಾದ ಪ್ರಮಾಣದಲ್ಲಿ ಆರಂಭಿಸಿದರೆ ಮಗು ಉಳಿದ ಮಕ್ಕಳಂತೆಯೇ ಬೆಳೆದು ಶಾಲೆಗೆ ಹೋಗುತ್ತದೆ. ತಡವಾದರೆ ಆ ನಷ್ಟವನ್ನು ತುಂಬಿಕೊಡುವ ಔಷಧ ಯಾವ ದೇಶದಲ್ಲೂ ಇಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಕೆನೆತ್ ಆರೊ ನೆನಪಾಗುತ್ತಾರೆ. 1963ರಲ್ಲಿ ಅವರು ಬರೆದ ಲೇಖನದಿಂದಲೇ ಆರೋಗ್ಯದ ಅರ್ಥಶಾಸ್ತ್ರ ಎಂಬ ಶಾಖೆ ಬೆಳೆಯಿತೆನ್ನಬಹುದು. ವೈದ್ಯಕೀಯ ಸೇವೆಯ ಮಾರುಕಟ್ಟೆ ತರಕಾರಿ ಮಾರುಕಟ್ಟೆಯಂಥದಲ್ಲ; ಇಲ್ಲಿ ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ, ಮಾರುವವನನ್ನೇ ಕೇಳಬೇಕು ಎಂಬುದು ಅವರ ವಾದದ ತಿರುಳು. ಮಕ್ಕಳ ವಿಷಯದಲ್ಲಿ ಈ ಕಂದಕ ಎರಡು ಪಟ್ಟು. ನೋವು ಮಗುವಿನದು, ಅದಕ್ಕೆ ಮಾತಿಲ್ಲ. ತೀರ್ಮಾನ ಹೆತ್ತವರದು, ಅವರಿಗೆ ವಿದ್ಯೆ ಇದ್ದರೂ ಈ ವಿದ್ಯೆಯಿಲ್ಲ. ಎಂಜಿನಿಯರುಗಳೂ ಪ್ರಾಧ್ಯಾಪಕರೂ ಮಗುವಿನ ರಕ್ತಪರೀಕ್ಷೆಯ ವರದಿ ಹಿಡಿದು, ದಪ್ಪಕ್ಷರದಲ್ಲಿ ಅಚ್ಚಾದ ಒಂದು ಅಂಕಿಯನ್ನೇ ನೋಡುತ್ತ ಕುಳಿತುಬಿಡುವುದನ್ನು ನಾನು ಕಂಡಿದ್ದೇನೆ.

ಇಲ್ಲಿಂದ ಮುಂದಿನ ಮಾತು ತುಸು ಲೆಕ್ಕದ್ದು. ಓದುಗರು ಸಹಿಸಿಕೊಳ್ಳಬೇಕು, ಏಕೆಂದರೆ ಹೆತ್ತವರ ಕಂಗಾಲಿಗೂ ಉದಾಸೀನಕ್ಕೂ ಇದೇ ಲೆಕ್ಕದ ಅಜ್ಞಾನ ಕಾರಣ.

ಹಿಮ್ಮಡಿಯ ಪರೀಕ್ಷೆ ರೋಗನಿರ್ಣಯವಲ್ಲ, ಜರಡಿ. ಜರಡಿಯ ಕಣ್ಣು ಬೇಕೆಂದೇ ಸಣ್ಣದಾಗಿರುತ್ತದೆ, ಕಾಯಿಲೆಯ ಮಗು ಜಾರಿಹೋಗಬಾರದೆಂದು. ಹಾಗಾಗಿ ಆರೋಗ್ಯವಂತ ಮಕ್ಕಳೂ ಹಲವರು ಅದರಲ್ಲಿ ನಿಲ್ಲುತ್ತಾರೆ. ಒಂದು ಲಕ್ಷ ಶಿಶುಗಳಿವೆ ಎನ್ನೋಣ. ನಿಜಕ್ಕೂ ಕಾಯಿಲೆ ಇರುವವು 88. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಒಂದು ಮಗುವನ್ನು ಮತ್ತೆ ಕರೆಯುತ್ತಾರೆ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ, ಮರಳಿ ಕರೆಸಿಕೊಂಡ ಮಕ್ಕಳು ಒಂದು ಸಾವಿರ. ಆ ಸಾವಿರದಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳಿಗೆ ಏನೂ ಆಗಿಲ್ಲ. ಅಂದರೆ, ಕರೆ ಬಂದ ತಾಯಿಗೆ ಹೇಳಬೇಕಾದ ಸತ್ಯ ಇಷ್ಟು: 'ನೂರು ತಾಯಂದಿರಿಗೆ ಹೀಗೆ ಕರೆ ಹೋದರೆ ಒಂಬತ್ತು ಮಕ್ಕಳಲ್ಲಿ ಕಾಯಿಲೆ ಸಿಗುತ್ತದೆ. ನಿಮ್ಮ ಮಗು ಬಹುಶಃ ಚೆನ್ನಾಗಿಯೇ ಇದೆ. ಆದರೂ ಇವತ್ತೇ ಬನ್ನಿ.' ಈ ಎರಡೂ ಮಾತುಗಳು ಒಟ್ಟಿಗೆ ಹೇಳಲ್ಪಡುವುದು ಅಪರೂಪ. ನನ್ನ ಬಂಧುಗಳೊಬ್ಬರ ಮನೆಗೆ ಅವರ ಮೊಮ್ಮಗುವಿನ ಐದನೆಯ ದಿನ ಖಾಸಗಿ ಆಸ್ಪತ್ರೆಯೊಂದರಿಂದ ಬಂದದ್ದು ಮೊಬೈಲಿಗೆ ಒಂದು ಸಂದೇಶ ಮಾತ್ರ: ಟಿಎಸ್‌ಎಚ್ ಹೆಚ್ಚು, ಪುನಃ ಪರೀಕ್ಷಿಸಿ. ಅದೂ ಶನಿವಾರ ಸಂಜೆ. ಬಾಣಂತಿ ಎರಡು ರಾತ್ರಿ ಅತ್ತು ಹಾಲು ಇಂಗಿಸಿಕೊಂಡಳು. ಸೋಮವಾರದ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು.

ಏಕೆ ಹೀಗಾಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಬಹುದಿತ್ತು. ಹುಟ್ಟಿದ ಕೂಡಲೇ ಹೊರಗಿನ ಚಳಿಗೆ ಒಡ್ಡಿಕೊಂಡ ಮಗುವಿನ ದೇಹದಲ್ಲಿ ಟಿಎಸ್‌ಎಚ್ ತಾನಾಗಿಯೇ ಜಿಗಿಯುತ್ತದೆ, ಮುಂದಿನ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆದ್ದರಿಂದಲೇ ಹೊಕ್ಕುಳಬಳ್ಳಿಯ ರಕ್ತವನ್ನಾದರೂ ತೆಗೆದುಕೊಳ್ಳಿ, ಇಲ್ಲವೇ 48ರಿಂದ 72 ಗಂಟೆಗಳ ನಡುವೆ ಹಿಮ್ಮಡಿಯ ರಕ್ತ ತೆಗೆಯಿರಿ ಎಂದು ಭಾರತದ ಮಕ್ಕಳ ಹಾರ್ಮೋನು ತಜ್ಞರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಸಹಜ ಹೆರಿಗೆಯಾದ ತಾಯಿ ಮರುದಿನವೇ ಮನೆಗೆ ಹೊರಡುತ್ತಾಳೆ. ಹೊರಡುವ ಮೊದಲು ರಕ್ತ ತೆಗೆದರೆ ಅದು ಇಪ್ಪತ್ತು ಗಂಟೆಯ ಮಗುವಿನ ರಕ್ತ. ವರದಿಯ ಮೇಲೆ ದಿನಾಂಕ ಇರುತ್ತದೆ, ಎಷ್ಟನೆಯ ಗಂಟೆ ಎಂಬುದು ಇರುವುದಿಲ್ಲ. ಸಿಸೇರಿಯನ್ ಸಮಯದಲ್ಲಿ ತಾಯಿಯ ಚರ್ಮಕ್ಕೋ ಆಮೇಲೆ ಮಗುವಿನ ಹೊಕ್ಕುಳಿಗೋ ಅಯೋಡಿನ್ ದ್ರಾವಣ ಬಳಿದಿದ್ದರೂ ಅಂಕಿ ಏರಬಹುದು. ಹಾಗೆಯೇ ಉಲ್ಟಾ ತಪ್ಪುಗಳೂ ಇವೆ. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಏರಿಕೆ ತಡವಾಗಿ ಕಾಣಿಸಬಹುದು, ಅವರಿಗೆ ಕೆಲವು ವಾರಗಳ ನಂತರ ಮತ್ತೊಮ್ಮೆ ಪರೀಕ್ಷೆ ಬೇಕು. ಮಿದುಳಿನ ಕಡೆಯ ದೋಷದಿಂದ ಬರುವ ಥೈರಾಯ್ಡ್ ಕೊರತೆಯನ್ನು ಟಿಎಸ್‌ಎಚ್ ಒಂದನ್ನೇ ನೋಡುವ ಜರಡಿ ಹಿಡಿಯುವುದೇ ಇಲ್ಲ. 'ನಾರ್ಮಲ್' ಎಂದು ಅಚ್ಚಾದ ಚೀಟಿಯ ಮೇಲೆ ಕುಳಿತು ಮಗುವಿನ ಮುಖ ನೋಡುವುದನ್ನು ಬಿಡುವಂತಿಲ್ಲ.

ಕಿವಿಯ ತಪಾಸಣೆಯಲ್ಲೂ ಇದೇ ಗೊಂದಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ತಪಾಸಣೆಯನ್ನು ನಡೆಸುತ್ತ ಬಂದಿದೆ; ಅನೇಕ ಆಸ್ಪತ್ರೆಗಳೂ ಈಗ ಇದನ್ನು ಮಾಡುತ್ತವೆ. ಯಂತ್ರ ಕೊಡುವ ಉತ್ತರ ಎರಡೇ: ಪಾಸ್ ಅಥವಾ ರೆಫರ್. ರೆಫರ್ ಎಂದರೆ ಕಿವುಡು ಎಂದರ್ಥವಲ್ಲ. ಎಷ್ಟೋ ವೇಳೆ ಹುಟ್ಟಿದ ಮೊದಲ ದಿನ ಕಿವಿಯ ನಾಳದಲ್ಲಿ ಉಳಿದ ದ್ರವ ಅಥವಾ ಕೊಳೆಯಷ್ಟೇ ಕಾರಣ. ಆದರೆ ಮತ್ತೆ ಪರೀಕ್ಷಿಸದೆ ಬಿಟ್ಟರೆ ನಿಜವಾದ ಕಿವುಡುತನ ಎರಡು ವರ್ಷದವರೆಗೆ 'ಮಾತು ತಡ, ಅವರ ಅಪ್ಪನೂ ಹೀಗೇ' ಎಂಬ ಸಮಾಧಾನದಲ್ಲಿ ಮುಚ್ಚಿಹೋಗುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರು ಒಪ್ಪಿಕೊಂಡ ಸೂತ್ರ.

ದಕ್ಷಿಣದವರಾದ ನಮಗೆ ಇನ್ನೊಂದು ಲೆಕ್ಕವೂ ಗೊತ್ತಿರಬೇಕು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಕೊಟ್ಟು ತರುವ ಪದ್ಧತಿ ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲುಭಾಗ ಮದುವೆಗಳಲ್ಲಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಥೈರಾಯ್ಡ್ ಕೊರತೆಯ ಬಹುಪಾಲು ಪ್ರಕರಣಗಳು ಗ್ರಂಥಿ ಸರಿಯಾಗಿ ರೂಪುಗೊಳ್ಳದೆ ಉಂಟಾದವು, ಆನುವಂಶಿಕವಲ್ಲ. ಆದರೆ ಉಳಿದ ಕೆಲವು ಬಗೆಗಳೂ ಚಯಾಪಚಯದ ಇತರ ಅನೇಕ ಕಾಯಿಲೆಗಳೂ ತಂದೆತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದಾಗ ಮಗುವಿನಲ್ಲಿ ಪ್ರಕಟವಾಗುತ್ತವೆ. ಅಂಥ ದಂಪತಿಗೆ ವೈದ್ಯರು 'ನಾಲ್ಕರಲ್ಲೊಂದು ಅಪಾಯ' ಎನ್ನುತ್ತಾರೆ. ಮನೆಯವರು ಅದನ್ನು ಕೇಳಿಸಿಕೊಳ್ಳುವುದು ಹೀಗೆ: ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ. ಹಾಗಲ್ಲ. ಪ್ರತಿ ಬಸಿರಿಗೂ ನಾಲ್ಕರಲ್ಲೊಂದು. ಹಿಂದಿನ ಮಗುವಿನ ಕಷ್ಟ ಮುಂದಿನದರ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಇಷ್ಟನ್ನು ಕನ್ನಡದಲ್ಲಿ ಕೂತು ಹೇಳುವವರಿಲ್ಲದೆ ಒಂದೇ ಮನೆಯಲ್ಲಿ ಎರಡು, ಮೂರು ಮಕ್ಕಳು ನರಳುವುದನ್ನು ಮಕ್ಕಳ ಆಸ್ಪತ್ರೆಗಳ ಕಾರಿಡಾರಿನಲ್ಲಿ ನೋಡಬಹುದು.

ಇದರ ಇನ್ನೊಂದು ತುದಿಯಲ್ಲಿ ಅತಿಯಾದ ಪರೀಕ್ಷೆಯ ಸಮಸ್ಯೆ ಇದೆ. ದೊಡ್ಡ ಊರುಗಳ ಖಾಸಗಿ ಹೆರಿಗೆ ಆಸ್ಪತ್ರೆಗಳಲ್ಲಿ ಇಂದು ಐವತ್ತು, ನೂರು ಕಾಯಿಲೆಗಳ 'ಪ್ಯಾಕೇಜು'ಗಳು ಸಿಗುತ್ತವೆ. ಮಗುವಿನ ಹೆಸರಿನಲ್ಲಿ ಬಂದ ಯಾವ ಬಿಲ್ಲಿಗೂ ತಂದೆ ಇಲ್ಲ ಎನ್ನಲಾರ. ಆದರೆ ಪ್ರತಿಯೊಂದು ಪರೀಕ್ಷೆಯೂ ಸಾವಿರಕ್ಕೆ ಒಂದೇ ಒಂದು ಸುಳ್ಳು ಎಚ್ಚರಿಕೆ ಕೊಡುವಷ್ಟು ಉತ್ತಮವಾಗಿದೆ ಎಂದುಕೊಂಡರೂ, ಐವತ್ತು ಪರೀಕ್ಷೆ ಸೇರಿದಾಗ ಇಪ್ಪತ್ತು ಮಕ್ಕಳಲ್ಲಿ ಒಂದಕ್ಕೆ ಏನೋ ಒಂದು 'ಅಸಹಜ' ಎಂದು ಬರುತ್ತದೆ. ಜೊತೆಗೆ ಆ ಪಟ್ಟಿಯ ಕೆಲವು ಕಾಯಿಲೆಗಳಿಗೆ ಚಿಕಿತ್ಸೆಯೇ ಇಲ್ಲ. ಯಾವುದನ್ನು ಜರಡಿ ಹಿಡಿಯಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲೇ ಹತ್ತು ತತ್ವಗಳನ್ನು ಬರೆದುಕೊಟ್ಟಿದ್ದಾರೆ: ಕಾಯಿಲೆ ಮುಖ್ಯವಾದದ್ದಾಗಿರಬೇಕು, ಒಪ್ಪಿತ ಚಿಕಿತ್ಸೆ ಇರಬೇಕು, ವೆಚ್ಚ ತೂಗುವಂತಿರಬೇಕು ಎಂದು ಮುಂತಾಗಿ. ಥೈರಾಯ್ಡ್ ಕೊರತೆ ಈ ಒರೆಗಲ್ಲಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಜಿ6ಪಿಡಿ ಕೊರತೆಯ ಬಗ್ಗೆ ಚರ್ಚೆಗೆ ಎಡೆಯಿದೆ. ಆದರೂ ಅಲ್ಲಿ ಚಿಕಿತ್ಸೆಗಿಂತ ಹೆಚ್ಚಾಗಿ ಬೇಕಾದದ್ದು ತಿಳಿವಳಿಕೆಯೇ. ಯಾವ ಔಷಧ ಕೊಡಬಾರದು ಎಂಬ ಪಟ್ಟಿ ಕೈಯಲ್ಲಿರಬೇಕು. ಮತ್ತು ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿಟ್ಟ ಹಳೆಯ ಬಟ್ಟೆ, ಹೊದಿಕೆಗಳನ್ನು ಅಂಥ ಕೂಸಿಗೆ ಹಾಗೇ ಸುತ್ತಬಾರದು. ಆ ಗುಳಿಗೆಯ ವಾಸನೆಯೇ ರಕ್ತಕಣಗಳನ್ನು ಒಡೆಯಬಲ್ಲದು. ಈ ಎಚ್ಚರಿಕೆಗೆ ಕಾಸು ಖರ್ಚಿಲ್ಲ.

ಸರ್ಕಾರದ ಪಾತ್ರಕ್ಕೆ ಬರೋಣ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಮೂವತ್ತು ತೊಂದರೆಗಳನ್ನು ಪಟ್ಟಿ ಮಾಡಿತು. ಸೀಳುತುಟಿ, ತಿರುಚು ಪಾದ, ಹುಟ್ಟು ಹೃದಯದೋಷ ಮೊದಲಾದವು ಅದರಲ್ಲಿವೆ. ಸಾವಿರಾರು ಮಕ್ಕಳಿಗೆ ಅದರಿಂದ ಉಪಕಾರವಾಗಿದೆ. ಥೈರಾಯ್ಡ್ ಕೊರತೆಯನ್ನು ಮಾತ್ರ ರಾಜ್ಯಗಳ ಇಚ್ಛೆಗೆ ಬಿಟ್ಟ ಗುಂಪಿನಲ್ಲಿ ಇರಿಸಲಾಯಿತು. ಕಡತಗಳ ನಡುವೆ ಮೂರು ದಶಕ ಕಳೆದ ನನಗೆ 'ಐಚ್ಛಿಕ' ಎಂಬ ಶಬ್ದದ ತೂಕ ಗೊತ್ತು. ಆಯವ್ಯಯದ ಚರ್ಚೆಯಲ್ಲಿ ಐಚ್ಛಿಕವಾದದ್ದು ಕೊನೆಯ ಪುಟಕ್ಕೆ ಹೋಗುತ್ತದೆ, ಕೊನೆಯ ಪುಟಕ್ಕೆ ಬರುವಾಗ ಹಣ ಮುಗಿದಿರುತ್ತದೆ. ಕಣ್ಣಿಗೆ ಕಾಣುವ ದೋಷಕ್ಕೆ ಶಿಬಿರ ಏರ್ಪಡಿಸಬಹುದು, ಉದ್ಘಾಟಿಸಬಹುದು. ಕಾಣದ ಕಾಯಿಲೆಗೆ ಸಭಾಂಗಣವಿಲ್ಲ.

ವೆಚ್ಚದ ಅಳುಕು ಎಷ್ಟು ನಿಜ? ಒಂದು ಮಗುವಿನ ಪರೀಕ್ಷೆಗೆ ಇನ್ನೂರು ರೂಪಾಯಿ ಎಂದೇ ಇಟ್ಟುಕೊಳ್ಳೋಣ. ರಾಜ್ಯದ ಹತ್ತು ಲಕ್ಷ ಶಿಶುಗಳಿಗೆ 20 ಕೋಟಿ. ಸಿಗುವ ಮಕ್ಕಳು ಸುಮಾರು 880; ಅಂದರೆ ಒಂದು ಮಗುವನ್ನು ಪತ್ತೆ ಮಾಡಲು ಎರಡೂಕಾಲು ಲಕ್ಷದಷ್ಟು. ಬುದ್ಧಿ ಬೆಳೆಯದ ಒಬ್ಬ ವ್ಯಕ್ತಿಯ ಜೀವಮಾನದ ಆರೈಕೆ, ಅದಕ್ಕಾಗಿ ದುಡಿಮೆ ಬಿಟ್ಟು ಮನೆಯಲ್ಲಿ ಕೂರುವ ತಾಯಿಯ ಆದಾಯ ಇವುಗಳೆದುರು ಇದು ಅಗ್ಗದ ಸರಕು. ಹೋಲಿಕೆಗೆ ಇನ್ನೊಂದನ್ನು ನೋಡಿ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ ಒಂದು ಜೀನ್ ಚಿಕಿತ್ಸೆಯ ಚುಚ್ಚುಮದ್ದಿಗೆ 16 ಕೋಟಿ ರೂಪಾಯಿ ಎಂದು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳ ಮುಖಪುಟಗಳಲ್ಲಿ ಮತ್ತೆ ಮತ್ತೆ ಓದಿದೆವು. ಅಪರಿಚಿತರು ನೂರು, ಸಾವಿರ ಕೂಡಿಸಿ ಕೆಲವು ಕಂದಮ್ಮಗಳಿಗೆ ಅದನ್ನು ಒದಗಿಸಿದರು. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಂತೆ ಬೆಂಗಳೂರಿನದೂ ಸೇರಿದ ಗೊತ್ತುಪಡಿಸಿದ ಕೇಂದ್ರಗಳಲ್ಲಿ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ. ಆ ಹೆತ್ತವರ ಮೊರೆಯನ್ನಾಗಲಿ ಆ ದಾನಿಗಳ ಔದಾರ್ಯವನ್ನಾಗಲಿ ನಾನು ಹಳಿಯುತ್ತಿಲ್ಲ. ಆದರೆ ಒಂದು ಚುಚ್ಚುಮದ್ದಿನ ಬೆಲೆಗೆ ಸ್ವಲ್ಪ ಸೇರಿಸಿದರೆ ಇಡೀ ರಾಜ್ಯದ ಒಂದು ವರ್ಷದ ಶಿಶುಗಳೆಲ್ಲರ ಹಿಮ್ಮಡಿ ಪರೀಕ್ಷೆ ಆಗುತ್ತದೆ ಎಂಬುದು ಮುಖಪುಟಕ್ಕೆ ಬರುವುದಿಲ್ಲ.

ಪರೀಕ್ಷೆಯ ವೆಚ್ಚ ದೊಡ್ಡದಲ್ಲ. ದೊಡ್ಡದು ಹುಡುಕಾಟದ ವೆಚ್ಚ. ಬಾಣಂತಿ ಹೆರಿಗೆಯಾದ ಊರಿನಲ್ಲಿ ಇರುವುದಿಲ್ಲ, ತವರಿಗೆ ಹೋಗಿರುತ್ತಾಳೆ. ಕೊಟ್ಟ ಫೋನು ಗಂಡನದು, ಅವನು ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತಾನೆ. ವರದಿ ಪ್ರಯೋಗಾಲಯದಿಂದ ಹೊರಟು ತವರಿನ ಆಶಾ ಕಾರ್ಯಕರ್ತೆಯ ಕೈ ಮುಟ್ಟುವುದರೊಳಗೆ ಎರಡು ವಾರದ ಗಡುವು ಮುಗಿದಿರಬಾರದು. ಮುಗಿಯದಂತೆ ಮಾಡುವುದು ಯಂತ್ರದ ಕೆಲಸವಲ್ಲ, ಆಡಳಿತದ ಕೆಲಸ. ಪೋಲಿಯೊ ಹನಿಗಾಗಿ ಮನೆ ಮನೆ ತಟ್ಟಿದ ಇಲಾಖೆಗೆ ಅದು ಬಾರದ ವಿದ್ಯೆಯೂ ಅಲ್ಲ.

ಪತ್ತೆಯಾದ ಮೇಲೂ ಹೆತ್ತವರಿಗೆ ಹೇಳಬೇಕಾದದ್ದು ಬಹಳ. ಮಾತ್ರೆಯನ್ನು ಪುಡಿ ಮಾಡಿ ಒಂದು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕಲಸಿ ಆಗಲೇ ಕುಡಿಸಬೇಕು. ಹಾಲಿನ ಬಾಟಲಿಗೆ ಹಾಕಿದರೆ ಮಗು ಎಷ್ಟು ಕುಡಿಯಿತು, ಎಷ್ಟು ಬಿಟ್ಟಿತು ತಿಳಿಯದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಟಾನಿಕ್ಕುಗಳನ್ನು ಅದರ ಜೊತೆಗೇ ಕೊಡಬಾರದು. ಮಗು ಚೆನ್ನಾಗಿ ಆಡುತ್ತಿದೆಯೆಂದು ಮಾತ್ರೆ ನಿಲ್ಲಿಸಬಾರದು. ಚೆನ್ನಾಗಿ ಆಡುತ್ತಿರುವುದೇ ಮಾತ್ರೆಯಿಂದ. ಕೆಲವು ಮಕ್ಕಳಲ್ಲಿ ಕೊರತೆ ತಾತ್ಕಾಲಿಕ, ಮೂರು ವರ್ಷದ ಹೊತ್ತಿಗೆ ವೈದ್ಯರು ಮಾತ್ರೆ ನಿಲ್ಲಿಸಿ ನೋಡಿ ಅದನ್ನು ತೀರ್ಮಾನಿಸುತ್ತಾರೆ. ಆ ತೀರ್ಮಾನ ಅಜ್ಜಿಯದಾಗಬಾರದು.

ಇವನ್ನೆಲ್ಲ ಕೇಳಿ ತಿಳಿಯುವುದು ಹೆತ್ತವರ ಮೇಲೆ ವೈದ್ಯರು ಮಾಡುವ ಉಪಕಾರವೇನಲ್ಲ. ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯಗಳನ್ನು ತಿಳಿಸಿದ ಮೇಲೆ ಪಡೆದದ್ದೇ ಸಮ್ಮತಿ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂಬುದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿದೆ. 2023ರ ಹೊಸ ನಿಯಮಾವಳಿಯನ್ನು ತಡೆಹಿಡಿದ ನಂತರ ಜಾರಿಯಲ್ಲಿರುವುದು ಅದೇ. ಕಾನೂನು ಇಂಗ್ಲಿಷಿನಲ್ಲಿದೆ, ಡಿಸ್ಚಾರ್ಜ್ ಚೀಟಿಯೂ ಇಂಗ್ಲಿಷಿನಲ್ಲಿದೆ. ಆದರೆ ಹಳ್ಳಿಯ ತಾಯಿ ಜೋಪಾನವಾಗಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುವ ತಾಯಿ ಕಾರ್ಡು ಕನ್ನಡದಲ್ಲಿದೆ. ಲಸಿಕೆಯ ಸಾಲುಗಳಷ್ಟೇ ದಪ್ಪಕ್ಷರದಲ್ಲಿ ಅದರಲ್ಲಿ ನಾಲ್ಕು ಖಾನೆಗಳು ಬೇಕು: ಹಿಮ್ಮಡಿಯ ರಕ್ತ ತೆಗೆದ ದಿನ ಮತ್ತು ಗಂಟೆ, ಫಲಿತಾಂಶ, ಮರುಪರೀಕ್ಷೆ ಬೇಕೋ ಬೇಡವೋ, ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ. ಮುಂದಿನ ಮುದ್ರಣಕ್ಕೆ ಆದೇಶ ಹೊರಡಿಸುವಾಗ ಇಷ್ಟನ್ನು ಸೇರಿಸಲು ಸಚಿವ ಸಂಪುಟದ ಒಪ್ಪಿಗೆ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.